ಬಳ್ಳಾರಿಗೆ ಬಂದ ಡಿಬೇಟರ್‌ಗಳನ್ನು ಬರಮಾಡಿಕೊಳ್ಳುವುದು, ತೀರ್ಪುಗಾರರನ್ನು ಪರಿಚಯಿಸುವುದು: ಸಂಘಟಕರಿಗೊಂದು ಮಾರ್ಗದರ್ಶಿ

ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಅಂತಾರಾಷ್ಟ್ರೀಯ ಮಟ್ಟದ ವಿಶ್ವವಿದ್ಯಾಲಯ ಡಿಬೇಟ್ ನಡೆಸೋಣ ಅಂತ ಮೀಟಿಂಗ್ ಕೂತರೆ ಮೊದಲು ಬರುವ ಪ್ರಶ್ನೆ ಒಂದೇ. "ಉದ್ಘಾಟನೆಗೆ ಯಾರನ್ನ ಕರೆಯೋಣ?" ಆಮೇಲೆ ಶಾಲು ಎಷ್ಟು, ಹಾರ ಎಷ್ಟು, ಫ್ಲೆಕ್ಸ್‌ನಲ್ಲಿ ಯಾರ ಫೋಟೋ ದೊಡ್ಡದು ಅನ್ನುವ ಲೆಕ್ಕ. ದೂರದಿಂದ ಬರುವ ಹುಡುಗ ಹುಡುಗಿಯರ ಮಾತು ಬರುವುದು ಕೊನೆಗೆ, ಊಟದ ಪ್ಲೇಟು ಎಣಿಸುವಾಗ.

ಇದನ್ನು ತಿರುಗಿಸಬೇಕು. ಸ್ವಾಗತ ಬಂದವರಿಗೆ, ವೇದಿಕೆಗಲ್ಲ. ತೀರ್ಪುಗಾರರ ಪರಿಚಯವೂ ಹಾಗೆಯೇ. ಅದು ಅವರಿಗೆ ಮಾಡುವ ಸನ್ಮಾನವಲ್ಲ. ಮೂರು ನಾಲ್ಕು ದಿನ ತಮ್ಮ ಸೋಲು ಗೆಲುವು ಯಾರ ಕೈಯಲ್ಲಿದೆ, ಅವರು ಹೇಗೆ ನಿರ್ಧಾರ ಮಾಡುತ್ತಾರೆ ಅಂತ ಸ್ಪರ್ಧಿಗಳಿಗೆ ತಿಳಿಸುವ ಕೆಲಸ ಅದು. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡು ಮಾತಿನ ಮೇಲೆ ನಿಂತಿವೆ.

ಆಟದ ನಿಯಮ ಮೊದಲು ಗೊತ್ತಿರಲಿ

ನಮ್ಮ ಕಾಲೇಜುಗಳಲ್ಲಿ ಚರ್ಚಾ ಸ್ಪರ್ಧೆ ಅಂದರೆ ಒಬ್ಬರು ಪರ, ಒಬ್ಬರು ವಿರೋಧ, ಐದು ನಿಮಿಷ ಮಾತು, ಕೊನೆಗೆ ಪಾರಿತೋಷಕ. ಹೊರಗಡೆ ಹೆಚ್ಚಾಗಿ ನಡೆಯುವುದು ಬ್ರಿಟಿಷ್ ಪಾರ್ಲಿಮೆಂಟರಿ ಪದ್ಧತಿ. ಒಂದು ಕೊಠಡಿಯಲ್ಲಿ ನಾಲ್ಕು ತಂಡ, ತಂಡಕ್ಕೆ ಇಬ್ಬರು. ಎರಡು ತಂಡ ಸರ್ಕಾರದ ಕಡೆ, ಎರಡು ವಿರೋಧದ ಕಡೆ. ಒಬ್ಬೊಬ್ಬರಿಗೆ 7 ನಿಮಿಷ. ವಿಷಯ, ಅಂದರೆ ಮೋಷನ್, ಗೊತ್ತಾಗುವುದು ಚರ್ಚೆಗೆ 15 ನಿಮಿಷ ಮೊದಲು ಮಾತ್ರ. ಜಾಗತಿಕ ವಿಶ್ವವಿದ್ಯಾಲಯ ಡಿಬೇಟಿಂಗ್ ಚಾಂಪಿಯನ್‌ಷಿಪ್ ನಡೆಯುವುದು ಈ ಪದ್ಧತಿಯಲ್ಲೇ. ಅದು 1981ರಲ್ಲಿ ಗ್ಲಾಸ್ಗೋದಲ್ಲಿ ಶುರುವಾಯಿತು. 2014ರ ಟೂರ್ನಮೆಂಟ್ ನಮ್ಮ ಪಕ್ಕದ ಚೆನ್ನೈನಲ್ಲೇ ನಡೆಯಿತು.

ಈಗ ಒಂದು ಸುತ್ತಿನ ಲೆಕ್ಕ ಹಾಕಿ. ತಯಾರಿಗೆ 15 ನಿಮಿಷ. ಎಂಟು ಭಾಷಣಕ್ಕೆ ಒಂದು ಗಂಟೆ. ತೀರ್ಪುಗಾರರು ಕೂತು ಮಾತಾಡಿಕೊಳ್ಳಲು 15 ನಿಮಿಷ. ತೀರ್ಪು ವಿವರಿಸಲು ಇನ್ನೊಂದು ಹತ್ತು ಹದಿನೈದು. ಕೊಠಡಿಯಿಂದ ಕೊಠಡಿಗೆ ಓಡಾಟ ಸೇರಿದರೆ ಎರಡು ಗಂಟೆ ಆಗಿಯೇ ಹೋಯಿತು. ಹತ್ತು ಗಂಟೆಯ ಉದ್ಘಾಟನೆ ಹನ್ನೆರಡೂವರೆಗೆ ಮುಗಿದರೆ ಆ ದಿನದ ಒಂದು ಸುತ್ತು ಕೈಬಿಟ್ಟಂತೆ. ಅಧ್ಯಕ್ಷೀಯ ಭಾಷಣ ಉದ್ದವಾಗುವುದನ್ನು ಸಹಿಸಿಕೊಳ್ಳುವ ಅಭ್ಯಾಸ ನಮಗಿದೆ. ಅದಕ್ಕೆ ಬೆಲೆ ತೆರುವವರು ರಾತ್ರಿ ಒಂಬತ್ತರವರೆಗೆ ಮಾತಾಡಬೇಕಾದ ವಿದ್ಯಾರ್ಥಿಗಳು.

ಹೆಸರಿನಿಂದ ಶುರು ಮಾಡಿ

ಸ್ವಾಗತದ ಕೆಲಸ ಶುರುವಾಗುವುದು ನೋಂದಣಿ ಫಾರ್ಮಿನಲ್ಲಿ. ಪಾಸ್‌ಪೋರ್ಟಿನಲ್ಲಿರುವ ಹೆಸರು ಬೇಕೇ ಬೇಕು. ವಸತಿ ಕೊಡುವ ಹೋಟೆಲ್ ಅಥವಾ ಹಾಸ್ಟೆಲ್ ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ಅದಕ್ಕೆ. ಆದರೆ ಕರೆಯುವ ಹೆಸರು ಬೇರೆಯೇ ಇರಬಹುದು. ಹಾಗಾಗಿ "ನಿಮ್ಮನ್ನು ಏನಂತ ಕರೆಯಬೇಕು?" ಅಂತ ಇನ್ನೊಂದು ಸಾಲು ಇಡಿ. ಅದರ ಕೆಳಗೆ ಅವನು, ಅವಳು, ಇನ್ನೇನಾದರೂ ಅಂತ ಬಯಸಿದವರು ಬರೆಯಲು ಜಾಗ ಬಿಡಿ. ಆಹಾರ, ಅಲರ್ಜಿ, ಮೆಟ್ಟಿಲು ಹತ್ತಲು ತೊಂದರೆ ಇದೆಯಾ ಅನ್ನುವುದನ್ನೂ ಕೇಳಿ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ. ಅಂಥವರ ಸುತ್ತುಗಳನ್ನು ನೆಲಮಹಡಿಗೆ ಹಾಕಬೇಕು ಅಂತ ಟ್ಯಾಬ್ ತಂಡಕ್ಕೆ ಮೊದಲೇ ತಿಳಿಸಿರಬೇಕು. ಕೊಠಡಿ ಹಂಚಿ ಫಲಿತಾಂಶ ಲೆಕ್ಕ ಹಾಕುವವರು ಅವರೇ.

ತೀರ್ಪುಗಾರರಿಂದ, ವೇದಿಕೆಯ ಮೇಲೆ ಹೆಸರು ಬರುವವರೆಲ್ಲರಿಂದ, ಐದು ಸೆಕೆಂಡಿನ ವಾಯ್ಸ್ ನೋಟ್ ತರಿಸಿಕೊಳ್ಳಿ. ತಮ್ಮ ಹೆಸರನ್ನು ತಾವೇ ಹೇಳಿರಬೇಕು. ನಿರೂಪಣೆ ಮಾಡುವ ವಿದ್ಯಾರ್ಥಿ ಅದನ್ನು ಕೇಳಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲಿ. ಇಂಗ್ಲಿಷ್ ಕಾಗುಣಿತ ನೋಡಿ ಓದಿದರೆ ಐರ್ಲೆಂಡಿನ ಶಿವಾನ್ ನಮ್ಮ ಬಾಯಲ್ಲಿ ಸಿಯೋಭನ್ ಆಗುತ್ತಾಳೆ, ನೀವ್ ನಿಯಾಮ್ಹ್ ಆಗುತ್ತಾಳೆ. ವಿಯೆಟ್ನಾಮಿನವರ ಹೆಸರಿನಲ್ಲಿ ಮೊದಲು ಬರುವುದು ಮನೆತನದ ಹೆಸರು, ಕರೆಯುವ ಹೆಸರು ಕೊನೆಗಿರುತ್ತದೆ. ಮಲೇಷ್ಯಾದವರ ಹೆಸರಿನ ನಡುವೆ ಬಿನ್, ಬಿಂತಿ ಇದ್ದರೆ ಆಮೇಲೆ ಬರುವುದು ತಂದೆಯ ಹೆಸರು. ಅದನ್ನು ಹಿಡಿದು ಕರೆದರೆ ಅಪ್ಪನನ್ನು ಕರೆದಂತಾಯಿತು. ಇಂಡೋನೇಷ್ಯಾದ ಎಷ್ಟೋ ಜನಕ್ಕೆ ಒಂದೇ ಹೆಸರು. ಫಾರ್ಮಿನಲ್ಲಿ ಕೊನೆಯ ಹೆಸರು ಕಡ್ಡಾಯ ಅಂತ ಕೆಂಪು ಚುಕ್ಕೆ ಇಟ್ಟರೆ ಅವರು ಪಾಪ ಅದೇ ಹೆಸರನ್ನು ಎರಡು ಸಲ ತುಂಬುತ್ತಾರೆ. ನಿರೂಪಕರು ಅದನ್ನು ಹಾಗೇ ಎರಡು ಸಲ ಓದುತ್ತಾರೆ.

ಕೊರಳಿಗೆ ಹಾಕುವ ಬ್ಯಾಡ್ಜಿನಲ್ಲಿ ಇಂಗ್ಲಿಷ್ ಹೆಸರಿನ ಕೆಳಗೆ ಅದೇ ಕನ್ನಡ ರೂಪವನ್ನು ದಪ್ಪಕ್ಷರದಲ್ಲಿ ಹಾಕಿಸಿ. ಕಂಪ್ಲಿಯಿಂದಲೋ ಕುರುಗೋಡಿನಿಂದಲೋ ಬಂದ ನಮ್ಮ ವಾಲಂಟಿಯರ್ ಹುಡುಗಿ ಅದನ್ನು ನೋಡಿ ಸರಿಯಾಗಿ ಕರೆಯುತ್ತಾಳೆ. ಬಂದವರಿಗೂ ತಮ್ಮ ಹೆಸರನ್ನು ಹೊಸ ಲಿಪಿಯಲ್ಲಿ ನೋಡುವ ಖುಷಿ. ಖರ್ಚು ಏನೂ ಇಲ್ಲ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಬಳ್ಳಾರಿಗೆ ಬರುವ ದಾರಿ

ವೀಸಾ ಮತ್ತು ಅನುಮತಿಯ ಕಾಗದಗಳನ್ನು ತಿಂಗಳುಗಳ ಮೊದಲೇ ಶುರು ಮಾಡಿ. ಆಹ್ವಾನ ಪತ್ರ ತಡವಾದರೆ ಬರಬೇಕಾದವರೇ ಬರುವುದಿಲ್ಲ. ಆ ಕೆಲಸವನ್ನು ಕಾಲೇಜಿನ ಕಚೇರಿಯಲ್ಲಿ ಕಡತ ಹಿಡಿದು ಬೆನ್ನು ಹತ್ತುವ ಒಬ್ಬರಿಗೆ ವಹಿಸಿಬಿಡಿ.

ಸಮಯ ನವೆಂಬರ್‌ನಿಂದ ಜನವರಿಯೊಳಗೆ ಇರಲಿ. ಏಪ್ರಿಲ್ ಮೇನಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನಿನ ಕೆಳಗೆ ಕೂತವರಿಗೇ ಆಗದು, ಇನ್ನು ವಾದ ಮಾಡುವುದು ದೂರದ ಮಾತು.

ಬಂದಿಳಿಯುವವರು ಹೆಚ್ಚಾಗಿ ಬೆಂಗಳೂರಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ಬಳ್ಳಾರಿ ರಸ್ತೆಯಲ್ಲಿ 300 ಕಿ.ಮೀ. ಆಸುಪಾಸು. ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿದರೆ ರಾತ್ರಿ ಮಲಗಿ ಬೆಳಗ್ಗೆ ಇಳಿಯಬಹುದು. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ಹತ್ತಿರವೇ, ಆದರೆ ವಿಮಾನಗಳು ಕಡಿಮೆ. ಅದನ್ನು ನಂಬಿ ಇಡೀ ಪ್ಲಾನ್ ಮಾಡಬೇಡಿ. ರಾಯಚೂರಿನಲ್ಲಿ ನಡೆಸುವವರಿಗೆ ಹೈದರಾಬಾದ್ ಸಲೀಸು. ಕೊಪ್ಪಳದವರಿಗೆ ಹುಬ್ಬಳ್ಳಿ.

ಎಲ್ಲಿಂದಲೇ ಬರಲಿ, ಪ್ರಯಾಣದ ಒಂದು ಪುಟದ ವಿವರ ಮೊದಲೇ ಕಳಿಸಿ. ಯಾರು ಕಾಯುತ್ತಿರುತ್ತಾರೆ, ಅವರ ಫೋಟೋ, ಅವರ ನಂಬರ್, ಬಸ್ ಎಲ್ಲಿ ನಿಲ್ಲುತ್ತದೆ, ಶೌಚಾಲಯ ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿಗೆ ತಲುಪುತ್ತಾರೆ. ಇಪ್ಪತ್ತು ಗಂಟೆ ಪ್ರಯಾಣ ಮಾಡಿದ ಹತ್ತೊಂಬತ್ತು ವರ್ಷದ ಹುಡುಗಿಗೆ ಈ ಪುಟವೇ ಮೊದಲ ಸ್ವಾಗತ. ಬೆಳಗಿನ ಜಾವ ಬಳ್ಳಾರಿ ಸ್ಟೇಷನ್ನಿಗೆ ಕಳಿಸುವ ವಾಲಂಟಿಯರ್‌ಗಳಲ್ಲಿ ಒಬ್ಬಳಾದರೂ ಹುಡುಗಿ ಇರಲಿ. ಅವರಿಗೆ ಓಡಾಟದ ವ್ಯವಸ್ಥೆಯನ್ನೂ ಮಾಡಿ.

ನೋಂದಣಿ ಮೇಜು

ಮೇಜಿನ ಮೇಲೆ ಕ್ಯಾನ್ ನೀರು, ಗ್ಲಾಸು, ಬ್ಯಾಡ್ಜು, ವೇಳಾಪಟ್ಟಿ, ವೈಫೈ ಪಾಸ್‌ವರ್ಡ್. ಕೊನೆಯದು ಸಣ್ಣ ವಿಷಯವಲ್ಲ. ವಿದೇಶಿಯರಿಗೆ ಇಲ್ಲಿ ಸಿಮ್ ಸಿಗುವುದು ತಡ. ಈಗ ಬಹುತೇಕ ಟೂರ್ನಮೆಂಟ್‌ಗಳು ಟ್ಯಾಬಿಕ್ಯಾಟ್ ಅನ್ನುವ ತಂತ್ರಾಂಶದಲ್ಲಿ ನಡೆಯುತ್ತವೆ. ಪ್ರತಿ ತೀರ್ಪುಗಾರರಿಗೂ ಒಂದು ಖಾಸಗಿ ಲಿಂಕ್ ಹೋಗುತ್ತದೆ. ಅಂಕ ತುಂಬುವುದು ಅದರಲ್ಲೇ. ಸಾಮಾನ್ಯವಾಗಿ ತಂಡಗಳೂ ತೀರ್ಪುಗಾರರ ಬಗ್ಗೆ ಅಭಿಪ್ರಾಯ ಕೊಡುವುದು ತಮ್ಮ ಲಿಂಕಿನಲ್ಲೇ. ನೆಟ್ ಇಲ್ಲದಿದ್ದರೆ ಎಲ್ಲವೂ ನಿಂತುಬಿಡುತ್ತದೆ. ಚಾರ್ಜರ್‌ಗೆ ನಮ್ಮ ಪಿನ್ ಹೊಂದದವರಿಗಾಗಿ ಅಡಾಪ್ಟರ್ ನಾಲ್ಕಾರು ಇಟ್ಟಿರಿ.

ಕುಂಕುಮ, ಆರತಿ, ಹಾರ ಎಲ್ಲವೂ ನಮ್ಮ ಪ್ರೀತಿಯ ರೀತಿ, ಸರಿ. ಆದರೆ ಕೇಳಿ ಮಾಡಿ. "ಹಚ್ಚಬಹುದಾ?" ಅನ್ನುವ ಒಂದು ಮಾತು ಸಾಕು. ಬೇಡ ಅಂದವರಿಗೆ ಕೈಗೆ ಒಂದು ಹೂವು ಕೊಡಿ, ಮುಖ ಸಣ್ಣ ಮಾಡಬೇಡಿ. ಫೋಟೋ ವಿಷಯದಲ್ಲೂ ಅಷ್ಟೇ. ಫೋಟೋ ಬೇಡ ಅನ್ನುವವರ ಬ್ಯಾಡ್ಜಿಗೆ ಬೇರೆ ಬಣ್ಣದ ದಾರ ಹಾಕಿದರೆ ಫೋಟೋಗ್ರಾಫರ್‌ಗೆ ದೂರದಿಂದಲೇ ತಿಳಿಯುತ್ತದೆ.

ವಾಲಂಟಿಯರ್‌ಗಳ ಬಗ್ಗೆ ಒಂದು ಮಾತು. ನಮ್ಮ ಭಾಗದ ಮಕ್ಕಳಿಗೆ ಇಂಗ್ಲಿಷ್ ಅಂದರೆ ಒಂದು ಅಳುಕು ಇದ್ದೇ ಇದೆ. ಬುದ್ಧಿ ಕಡಿಮೆ ಅಂತಲ್ಲ, ಮಾತಾಡುವ ಅವಕಾಶ ಕಡಿಮೆ. ಅದಕ್ಕೇ ಕಾಲೇಜಿನ ನಾಲ್ಕು ಜನ ಕಾನ್ವೆಂಟ್ ಮಕ್ಕಳನ್ನು ಮಾತ್ರ ಮುಂದೆ ನಿಲ್ಲಿಸಿ, ಉಳಿದವರನ್ನು ಕುರ್ಚಿ ಹೊರಲು ಕಳಿಸಬೇಡಿ. ಒಂದು ವಾರ ಮೊದಲು ಎಲ್ಲರನ್ನೂ ಕೂರಿಸಿ, ಬೇಕಾಗುವ ಇಪ್ಪತ್ತು ವಾಕ್ಯಗಳನ್ನು ಜೋಡಿ ಜೋಡಿಯಾಗಿ ಆಡಿಸಿ. ನಿಮ್ಮ ಕೊಠಡಿ ಇಲ್ಲಿದೆ, ನನ್ನ ಜೊತೆ ಬನ್ನಿ, ಇನ್ನೊಮ್ಮೆ ನಿಧಾನವಾಗಿ ಹೇಳುತ್ತೀರಾ, ವೈದ್ಯರನ್ನು ಕರೆಯಲಾ, ಇಷ್ಟೇ. ಇಂಥ ಟೂರ್ನಮೆಂಟಿನಿಂದ ನಮ್ಮ ಜಿಲ್ಲೆಗೆ ನಿಜವಾಗಿ ಉಳಿಯುವ ಲಾಭ ಅಂದರೆ ಈ ಮಕ್ಕಳ ಧೈರ್ಯ.

ಶೇಂಗಾ ಬಗ್ಗೆ ಎಚ್ಚರ

ಇದನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ, ಯಾಕಂದರೆ ಇದು ಪ್ರಾಣದ ವಿಷಯ. ಶೇಂಗಾ ಅಲರ್ಜಿ ಇರುವವರಿಗೆ ಒಂದು ಚಮಚ ಪುಡಿಯೂ ಉಸಿರು ಕಟ್ಟಿಸಬಹುದು. ನಮ್ಮ ಅಡುಗೆಯಲ್ಲಿ ಶೇಂಗಾ ಇಲ್ಲದ ಜಾಗ ಯಾವುದು ಹೇಳಿ? ರೊಟ್ಟಿ ಜೊತೆ ಶೇಂಗಾ ಚಟ್ನಿ. ಬದನೆಕಾಯಿ ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ. ಚಿತ್ರಾನ್ನದಲ್ಲಿ, ಮಂಡಕ್ಕಿ ಒಗ್ಗರಣೆಯಲ್ಲಿ ಶೇಂಗಾ. ಹೋಳಿಗೆ ಮಾಡಿದರೆ ಅದೂ ಶೇಂಗಾದ್ದು. ಮಿರ್ಚಿ ಕರಿದ ಎಣ್ಣೆಯೂ ಶೇಂಗಾ ಎಣ್ಣೆ ಇರಬಹುದು.

ಅಡುಗೆಯವರ ಹತ್ತಿರ ಕೂತು ಪ್ರತಿ ಪದಾರ್ಥದಲ್ಲಿ ಏನೇನಿದೆ ಅಂತ ಕೇಳಿ ಬರೆದುಕೊಳ್ಳಿ. "ಸ್ವಲ್ಪ ಹಾಕೀವಿ ಸರ್, ಏನಾಗಲ್ಲ" ಅನ್ನುವ ಉತ್ತರ ಬರುತ್ತದೆ. ಅದನ್ನು ಒಪ್ಪಬೇಡಿ. ಅಲರ್ಜಿ ಇರುವವರ ಅಡುಗೆ ಬೇರೆ ಪಾತ್ರೆ, ಬೇರೆ ಎಣ್ಣೆ, ಬೇರೆ ಸೌಟು. ಬಡಿಸುವ ಜಾಗವೂ ಬೇರೆ. ಉಳಿದಂತೆ ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ: ಪದಾರ್ಥದ ಹೆಸರು, ಶೇಂಗಾ ಇದೆಯಾ, ಹಾಲು ಇದೆಯಾ, ಖಾರ ಎಷ್ಟು. ಮಾಂಸದೂಟ ಇದ್ದರೆ ಹಲಾಲ್ ಹೌದೋ ಅಲ್ಲವೋ. ನೋಂದಣಿ ಮೇಜಿನಲ್ಲಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗದ ನಂಬರ್ ಗೋಡೆಗೆ ಅಂಟಿಸಿರಬೇಕು. ಸ್ವಾಗತ ಭಾಷಣದ ಕೊನೆಯಲ್ಲೂ ಈ ವಿಷಯ ಒಂದು ಸಾಲು ಬರಬೇಕು.

ಉದ್ಘಾಟನೆ: ನಲವತ್ತು ನಿಮಿಷದೊಳಗೆ

ನಾಡಗೀತೆಗೆ ಎರಡೂವರೆ ನಿಮಿಷ. ಸ್ವಾಗತ ನಾಲ್ಕು. ಕುಲಪತಿಗಳೋ ಪ್ರಾಂಶುಪಾಲರೋ ದೀಪ ಬೆಳಗಿ ಮಾತಾಡಲು ಐದು. ನಮ್ಮ ನೆಲದ ಒಂದು ಕಲೆಗೆ ಎಂಟು. ತೀರ್ಪುಗಾರರ ಪರಿಚಯಕ್ಕೆ ಹತ್ತು. ಈಕ್ವಿಟಿ ಅಧಿಕಾರಿ, ಅಂದರೆ ಕಿರುಕುಳ, ತಾರತಮ್ಯದ ದೂರು ಕೇಳುವವರು, ಅವರಿಗೆ ಮೂರು. ಸೂಚನೆಗಳಿಗೆ ಐದು. ಮುಗೀತು. ಹಾರ ಶಾಲು ಬೇಕೇ ಬೇಕು ಅನ್ನುವವರು ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಲಿ.

ಪ್ರಾಯೋಜಕರನ್ನು ಇಲ್ಲಿ ಬೇರೆ ಕೂರಿಸಬೇಕು. ತೀರ್ಪುಗಾರರ ಸಾಲಿನಲ್ಲಿ ಅವರು ಕೂತರೆ ಅವರಿಗೂ ಫಲಿತಾಂಶಕ್ಕೂ ಏನೋ ಸಂಬಂಧ ಇದೆ ಅನ್ನಿಸುತ್ತದೆ. ನಮ್ಮದು ಗಣಿ, ಉಕ್ಕಿನ ಜಿಲ್ಲೆ. ಗಣಿಗಾರಿಕೆ ಬಗ್ಗೆಯೇ ಒಂದು ಮೋಷನ್ ಬರಬಹುದು. ಮೋಷನ್ ಏನಿದೆ ಅಂತ ಪ್ರಾಯೋಜಕರಿಗೆ, ಕುಲಪತಿಗೆ, ಸಂಘಟಕರಲ್ಲಿ ಯಾರಿಗೂ ಮೊದಲೇ ಗೊತ್ತಿರಬಾರದು. ಅದು ಮುಖ್ಯ ತೀರ್ಪುಗಾರರ ತಂಡದ ಗುಟ್ಟು. "ಈ ಸಲ ಪರಿಸರದ ಬಗ್ಗೆ ಒಳ್ಳೆ ವಿಷಯ ಇದೆಯಂತೆ" ಅಂತ ನಿರೂಪಕರು ಖುಷಿಯಲ್ಲಿ ಹೇಳಿಬಿಟ್ಟರೂ ಅನ್ಯಾಯವೇ.

ಸ್ವಾಗತ ಭಾಷಣ ಇಂಗ್ಲಿಷಿನಲ್ಲಿ ಇರಬೇಕು, ಸರಳವಾಗಿ, ನಿಧಾನವಾಗಿ. ಸಭೆಯಲ್ಲಿರುವ ಎಷ್ಟೋ ಜನಕ್ಕೆ ಇಂಗ್ಲಿಷ್ ಎರಡನೆಯದೋ ಮೂರನೆಯದೋ ಭಾಷೆ. ಆದರೆ ಮೊದಲ ಅರ್ಧ ನಿಮಿಷ ಕನ್ನಡದ್ದೇ ಇರಲಿ, ಅದೂ ನಮ್ಮ ಬಳ್ಳಾರಿ ಕನ್ನಡ. ಭಾಷಣದ ಹದ ಹೀಗಿರಬಹುದು (ಮೊದಲ ಸಾಲುಗಳ ನಂತರದ್ದನ್ನು ಇಂಗ್ಲಿಷಿನಲ್ಲಿ ಹೇಳಿ):

"ಎಲ್ಲರಿಗೂ ನಮಸ್ಕಾರ್ರೀ. ಬರ್ರಿ, ಕುಂದರ್ರಿ, ನೀರು ಕುಡೀರಿ. ನಮ್ಮೂರಾಗ ಮನಿಗೆ ಬಂದೋರಿಗೆ ಮೊದಲು ಹೇಳೋ ಮಾತು ಇದು. ನೀವು ಬಂದಿರೋದು ಬಳ್ಳಾರಿಗೆ. ಊರ ಹತ್ತಿರದ ಸಂಗನಕಲ್ಲು ಗುಡ್ಡದಲ್ಲಿ ಸಾವಿರಾರು ವರ್ಷ ಹಿಂದಿನ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಇದೇ ಜಿಲ್ಲೆಯ ದರೋಜಿ ಈರಮ್ಮ ಓದು ಬರಹ ಕಲಿತವರಲ್ಲ, ಆದರೆ ಬುರ್ರಕಥೆ ಹಾಡಲು ನಿಂತರೆ ರಾತ್ರಿಯಿಡೀ ಜನ ಕೂತು ಕೇಳುತ್ತಿದ್ದರು. ಮಾತಿಗೆ ಬೆಲೆ ಕೊಡುವ ಊರಿದು. ನಿಮ್ಮ ಮಾತು ಕೇಳಲು ನಾವು ಕಾಯುತ್ತಿದ್ದೇವೆ. ಏನೇ ಬೇಕಿದ್ದರೂ ಹಸಿರು ಟೀಶರ್ಟ್ ಹಾಕಿದ ನಮ್ಮ ವಿದ್ಯಾರ್ಥಿಗಳನ್ನು ಕೇಳಿ. ಊಟದಲ್ಲಿ ಶೇಂಗಾ ಜಾಸ್ತಿ ಇರುತ್ತದೆ, ಚೀಟಿ ಓದಿ ಬಡಿಸಿಕೊಳ್ಳಿ."

ಇಷ್ಟು ಸಾಕು. ವಿಜಯನಗರದ ವೈಭವ, ಹಂಪಿಯ ಕಲ್ಲಿನ ರಥ ಅಂತ ಇಪ್ಪತ್ತು ನಿಮಿಷ ಹೇಳಬೇಕಿಲ್ಲ. ಹಂಪಿ ಇಲ್ಲಿಂದ 60 ಕಿ.ಮೀ. ಸುಮಾರು. ಕೊನೆಯ ದಿನ ಬಸ್ ಮಾಡಿ ಕರೆದುಕೊಂಡು ಹೋಗಿ, ಅವರೇ ನೋಡುತ್ತಾರೆ. ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಲು ಹೇಳಿ. ಅಲ್ಲಿ ವಿದೇಶಿಯರಿಗೆ ಟಿಕೆಟ್ ದರ ಬೇರೆ, ಆದರೆ ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾದಂಥ ನೆರೆ ದೇಶದವರಿಗೆ ನಮ್ಮ ದರವೇ.

ಬಂದ ತಂಡಗಳ ಹೆಸರನ್ನು ದೇಶದ ಅಕ್ಷರಮಾಲೆಯ ಕ್ರಮದಲ್ಲಿ ಓದಿ, ಪ್ರತಿ ತಂಡ ಎದ್ದು ಕೈಬೀಸಲಿ. ದೊಡ್ಡ ವಿಶ್ವವಿದ್ಯಾಲಯ ಮೊದಲು, ಸಣ್ಣದು ಕೊನೆಗೆ ಅನ್ನುವ ಕ್ರಮ ಬೇಡ.

ತೀರ್ಪುಗಾರರ ಪರಿಚಯ

ಈಗ ಮುಖ್ಯ ಕೆಲಸ. ನಮ್ಮಲ್ಲಿ ಪರಿಚಯ ಅಂದರೆ ಬಯೋಡೇಟಾ ಓದುವುದು. "ಶ್ರೀಯುತರು ಚಿನ್ನದ ಪದಕ ವಿಜೇತರಾಗಿದ್ದು, ಅನೇಕ ರಾಷ್ಟ್ರೀಯ ಮತ್ತು ಅಂತಾರಾಷ್ಟ್ರೀಯ ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಿ, ಹತ್ತು ಹಲವು ಪ್ರಶಸ್ತಿಗಳಿಗೆ ಭಾಜನರಾಗಿ..." ಕೇಳುತ್ತಾ ಕೂತ ಸ್ಪರ್ಧಿಗೆ ಇದರಿಂದ ಏನು ತಿಳಿಯಿತು? ನಾಳೆ ನನ್ನ ಕೊಠಡಿಯಲ್ಲಿ ಇವರು ಕೂತರೆ ನನ್ನ ಮಾತನ್ನು ಹೇಗೆ ಅಳೆಯುತ್ತಾರೆ ಅನ್ನುವುದು ತಿಳಿಯಲಿಲ್ಲ.

ಮೊದಲು ಎಲ್ಲರನ್ನೂ ವೇದಿಕೆಗೆ ಕರೆಯುವ ಆಸೆ ಬಿಡಿ. ದೊಡ್ಡ ಟೂರ್ನಮೆಂಟಿನಲ್ಲಿ ತೀರ್ಪುಗಾರರು ಹತ್ತಾರು ಜನ. ಸಾಮಾನ್ಯ ನಿಯಮ ಏನಂದರೆ ಒಂದು ಸಂಸ್ಥೆ ಎಷ್ಟು ತಂಡ ತರುತ್ತದೋ ಅದಕ್ಕಿಂತ ಒಬ್ಬರು ಕಡಿಮೆ ತೀರ್ಪುಗಾರರನ್ನು ಜೊತೆಗೆ ತರಬೇಕು. ಮೂರು ತಂಡ ತಂದರೆ ಇಬ್ಬರು. ಇವರ ಮೇಲೆ ಸಂಘಟಕರೇ ಕರೆಸಿದ ಸ್ವತಂತ್ರ ತೀರ್ಪುಗಾರರು. ಹೆಸರು ಹೇಳಿ ಪರಿಚಯಿಸಬೇಕಾದ್ದು ಮುಖ್ಯ ತೀರ್ಪುಗಾರರು, ಅವರ ಉಪ ಮುಖ್ಯರು, ಟ್ಯಾಬ್ ನಡೆಸುವವರು, ಈಕ್ವಿಟಿ ಅಧಿಕಾರಿಗಳು. ಮಿಕ್ಕವರೆಲ್ಲ ಕೂತಲ್ಲೇ ಒಟ್ಟಿಗೆ ಎದ್ದು ನಿಲ್ಲಲಿ, ಸಭೆ ಚಪ್ಪಾಳೆ ತಟ್ಟಲಿ. ಅವರ ಹೆಸರು, ಊರು ಪರದೆಯ ಮೇಲೆ ಓಡಲಿ.

ಒಬ್ಬೊಬ್ಬರಿಗೆ ನಾಲ್ಕು ವಾಕ್ಯ. ಹೆಸರು ಮತ್ತು ಊರು. ಇಲ್ಲಿ ಅವರ ಕೆಲಸ ಏನು. ತೀರ್ಪು ಕೊಟ್ಟ ಅನುಭವದಲ್ಲಿ ಒಂದೇ ಒಂದು, ಅವರೇ ಆರಿಸಿಕೊಟ್ಟದ್ದು. ಯಾವ ವಿಷಯಕ್ಕೆ ಅವರ ಹತ್ತಿರ ಹೋಗಬೇಕು. ಮಾದರಿ ಹೀಗೆ:

"ಇವರು ನಮ್ಮ ಮುಖ್ಯ ತೀರ್ಪುಗಾರರು, ಕೌಲಾಲಂಪುರದಿಂದ ಬಂದಿದ್ದಾರೆ. ಮೋಷನ್ ಆರಿಸುವುದು, ಯಾವ ಕೊಠಡಿಗೆ ಯಾವ ತೀರ್ಪುಗಾರರು ಅಂತ ಹಂಚುವುದು ಇವರ ತಂಡದ ಜವಾಬ್ದಾರಿ. ಹೋದ ವರ್ಷ ಏಷ್ಯಾದ ಒಂದು ಟೂರ್ನಮೆಂಟಿನಲ್ಲಿ ಇದೇ ಕೆಲಸ ಮಾಡಿದ್ದಾರೆ. ಒಂದು ತೀರ್ಪು ನಿಯಮಕ್ಕೆ ವಿರುದ್ಧವಾಗಿದೆ ಅನ್ನಿಸಿದರೆ ನೇರ ಇವರನ್ನು ಭೇಟಿ ಮಾಡಿ."

ಅನುಭವವನ್ನು ನಾವೇ ಉಬ್ಬಿಸಿ ಹೇಳಬಾರದು. ಸೆಮಿಫೈನಲ್ ತೀರ್ಪುಗಾರರನ್ನು ಫೈನಲ್ ಅಂದುಬಿಟ್ಟರೆ ಸಭೆಯಲ್ಲಿ ಗೊತ್ತಿರುವವರು ಇದ್ದೇ ಇರುತ್ತಾರೆ. ಮುಜುಗರ ಆಗುವುದು ತೀರ್ಪುಗಾರರಿಗೆ. ಬರೆದದ್ದನ್ನು ಹಿಂದಿನ ದಿನ ಅವರಿಗೇ ತೋರಿಸಿ ಒಪ್ಪಿಗೆ ಪಡೆಯಿರಿ.

ಮಹಿಳಾ ತೀರ್ಪುಗಾರರಿಗೆ ಶ್ರೀಮತಿ, ಕುಮಾರಿ ಅಂತ ಸೇರಿಸಬೇಡಿ. ಮದುವೆ ಆಗಿದೆಯಾ ಇಲ್ಲವಾ ಅನ್ನುವುದು ತೀರ್ಪಿಗೆ ಸಂಬಂಧವಿಲ್ಲ. ವಯಸ್ಸಿನ ಮಾತು ಇನ್ನೂ ಮುಖ್ಯ. ಈ ಲೋಕದಲ್ಲಿ ಎಷ್ಟೋ ಒಳ್ಳೆಯ ತೀರ್ಪುಗಾರರಿಗೆ ಇಪ್ಪತ್ತೆರಡು, ಇಪ್ಪತ್ತಮೂರು ವರ್ಷ. ಜೀನ್ಸ್ ಹಾಕಿಕೊಂಡು ಬೆನ್ನಿಗೆ ಬ್ಯಾಗ್ ನೇತುಹಾಕಿ ಬರುತ್ತಾರೆ. "ಈ ಹುಡುಗರು ಜಡ್ಜಾ?" ಅಂತ ನಮ್ಮ ಹಿರಿಯ ಮೇಷ್ಟ್ರುಗಳು ಹುಬ್ಬೇರಿಸುವುದು ಸಹಜ. ಅವರನ್ನು ಆರಿಸಿದ್ದು ಪರೀಕ್ಷೆ ಮತ್ತು ಅನುಭವ ನೋಡಿ, ನರೆಗೂದಲು ನೋಡಿ ಅಲ್ಲ ಅಂತ ಕಾಲೇಜಿನ ಸಿಬ್ಬಂದಿಗೆ ಮೊದಲೇ ತಿಳಿಸಿ ಹೇಳಿ. ಹಿರಿಯರಿಗೆ ಯಾವ ಕುರ್ಚಿಯೋ ಇವರಿಗೂ ಅದೇ ಕುರ್ಚಿ.

ನಮ್ಮ ಕಾಲೇಜಿನ ಅಧ್ಯಾಪಕರೂ ತೀರ್ಪುಗಾರರಾಗಬೇಕು ಅಂತಿದ್ದರೆ ತುಂಬಾ ಒಳ್ಳೆಯದು. ಆದರೆ ನಮ್ಮ ಹಳೆಯ ಅಂಕಪಟ್ಟಿಯಲ್ಲಿ ಧ್ವನಿಗೆ ಇಷ್ಟು, ಹಾವಭಾವಕ್ಕೆ ಇಷ್ಟು, ಉಚ್ಚಾರಣೆಗೆ ಇಷ್ಟು ಅಂತ ಇರುತ್ತಿತ್ತು. ಇಲ್ಲಿ ಹಾಗಲ್ಲ. ಯಾವ ತಂಡದ ವಾದ ಹೆಚ್ಚು ಮನವೊಲಿಸಿತು ಅನ್ನುವುದೊಂದೇ ಪ್ರಶ್ನೆ. ಮೊದಲ ತಂಡಕ್ಕೆ 3, ಆಮೇಲೆ 2, 1, 0. ಜೊತೆಗೆ ಒಬ್ಬೊಬ್ಬ ಭಾಷಣಕಾರರಿಗೆ 50ರಿಂದ 100ರ ಒಳಗೆ ಅಂಕ. ಹಾಗಾಗಿ ಹೊಸಬರು ಮೊದಲ ಸುತ್ತುಗಳಲ್ಲಿ ಟ್ರೇನಿಯಾಗಿ ಕೂರಲಿ. ಟ್ರೇನಿ ಚರ್ಚೆಯಲ್ಲಿ ಭಾಗವಹಿಸಬಹುದು, ಮತ ಲೆಕ್ಕಕ್ಕಿಲ್ಲ. ಪರಿಚಯಿಸುವಾಗ "ನಮ್ಮ ವಿಭಾಗದ ಮುಖ್ಯಸ್ಥರು ಈ ಸಲ ಟ್ರೇನಿ" ಅಂತ ಗೌರವದಿಂದಲೇ ಹೇಳಿ. ಕಲಿಯಲು ಕೂತ ಮೇಷ್ಟ್ರನ್ನು ನೋಡಿದರೆ ಮಕ್ಕಳಿಗೂ ಹುರುಪು.

ಪರಿಚಯ ಮುಗಿಸುವ ಮುನ್ನ ಮುಖ್ಯ ತೀರ್ಪುಗಾರರ ಬಾಯಿಂದಲೇ ಮೂರು ಮಾತು ಸಭೆಗೆ ಹೇಳಿಸಿ. ಒಂದು, ಯಾವ ತೀರ್ಪುಗಾರರೂ ತಮ್ಮ ಸಂಸ್ಥೆಯ ತಂಡಕ್ಕೆ, ತಾವು ತರಬೇತಿ ಕೊಟ್ಟವರಿಗೆ, ಹತ್ತಿರದ ಸ್ನೇಹಿತರಿಗೆ ತೀರ್ಪು ಕೊಡುವುದಿಲ್ಲ. ಅಂಥ ಸಂಬಂಧಗಳನ್ನು ಮೊದಲೇ ಘೋಷಿಸಿ ಟ್ಯಾಬ್‌ಗೆ ಹಾಕಲಾಗಿದೆ. ಎರಡು, ಉಚ್ಚಾರಣೆಗೆ ಅಂಕ ಇಲ್ಲ. ಜಾಗತಿಕ ಟೂರ್ನಮೆಂಟಿನಲ್ಲಿ ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಪ್ರತ್ಯೇಕ ವಿಭಾಗಗಳೇ ಇವೆ. ಸಿರುಗುಪ್ಪದ ಹುಡುಗನ ಇಂಗ್ಲಿಷ್ ಸಿರುಗುಪ್ಪದ್ದೇ ಆಗಿದ್ದರೂ ವಾದ ಗಟ್ಟಿ ಇದ್ದರೆ ಅವನೇ ಮೊದಲು. ಇದನ್ನು ನಮ್ಮ ಮಕ್ಕಳು ವೇದಿಕೆಯಿಂದಲೇ ಕೇಳಬೇಕು. ಮೂರು, ತೀರ್ಪುಗಾರರ ಬಗ್ಗೆ ತಂಡಗಳು ಅಭಿಪ್ರಾಯ ಬರೆಯಬಹುದು, ಮುಂದಿನ ಸುತ್ತುಗಳ ಹಂಚಿಕೆಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆ.

ಕೊಠಡಿಯೊಳಗಿನ ಪರಿಚಯ

ಪ್ರತಿ ಸುತ್ತಿನಲ್ಲೂ ಚೇರ್, ಅಂದರೆ ಆ ಕೊಠಡಿಯ ಮುಖ್ಯಸ್ಥರು, ಪರಿಚಯ ಮಾಡುತ್ತಾರೆ. ಒಂದು ನಿಮಿಷದ ಕೆಲಸ. ತಮ್ಮ ಹೆಸರು, ಜೊತೆಗಿರುವ ತೀರ್ಪುಗಾರರ ಹೆಸರು, ಅವರಲ್ಲಿ ಟ್ರೇನಿ ಯಾರು. ಯಾವ ತಂಡ ಯಾವ ಸ್ಥಾನದಲ್ಲಿ ಅಂತ ಖಾತ್ರಿ ಮಾಡಿಕೊಳ್ಳುವುದು. ಸಮಯದ ಸೂಚನೆ: 1ನೇ ನಿಮಿಷಕ್ಕೆ ಒಂದು ತಟ್ಟು, 6ನೇ ನಿಮಿಷಕ್ಕೆ ಇನ್ನೊಂದು, 7ಕ್ಕೆ ಎರಡು. ನಡುವಿನ ಆ ಐದು ನಿಮಿಷದಲ್ಲಿ ಮಾತ್ರ ಎದುರಾಳಿಗಳು ಎದ್ದು ಪ್ರಶ್ನೆ ಕೇಳಬಹುದು. ಇದೆಲ್ಲವನ್ನೂ ಒಂದು ಕಾರ್ಡಿನಲ್ಲಿ ಬರೆದು ಪ್ರತಿ ಕೊಠಡಿಯ ಮೇಜಿನ ಮೇಲಿಡಿ, ಹೊಸ ಚೇರ್‌ಗಳಿಗೆ ಅನುಕೂಲ. ಮಾತೆಲ್ಲ ಮುಗಿದ ಮೇಲೆ ತಂಡಗಳು ಹೊರಗೆ ಹೋಗಬೇಕು. ಹೊರಗೆ ನೆರಳು, ಬೆಂಚು, ನೀರು ಇದೆಯಾ ನೋಡಿ. ತೀರ್ಪಿಗೆ ಕಾಯುವ ಹದಿನೈದು ನಿಮಿಷ ತುಂಬಾ ಉದ್ದ.

ಫೈನಲ್‌ಗೆ ಊರಿನ ಜನ

ಫೈನಲ್ ಅನ್ನು ಊರಿನವರಿಗೆ ತೆರೆದಿಡಿ. ರಾಘವ ಕಲಾ ಮಂದಿರದಂಥ ಸಭಾಂಗಣ ಸಿಕ್ಕರೆ ಚೆನ್ನ. ವಕೀಲರೂ ಆಗಿದ್ದ ದೊಡ್ಡ ನಟ ಬಳ್ಳಾರಿ ರಾಘವ ಅವರ ಹೆಸರಿನ ಜಾಗದಲ್ಲಿ ವಾದ ನಡೆಯುವುದು ಹೊಂದುತ್ತದೆ, ಅಲ್ವಾ? ಇಲ್ಲಿ ತೀರ್ಪುಗಾರರು ಏಳೋ ಒಂಬತ್ತೋ ಜನ ಇರಬಹುದು. ಮತ್ತೆ ಅದೇ ನಾಲ್ಕು ವಾಕ್ಯ ಬೇಡ, ಹೆಸರು ಮತ್ತು ಊರು ಸಾಕು.

ಶಾಲಾ ಮಕ್ಕಳು, ಪಿಯುಸಿ ವಿದ್ಯಾರ್ಥಿಗಳು, ಪೋಷಕರು ಬಂದಿರುತ್ತಾರೆ. ನಾಲ್ಕು ತಂಡ ಯಾಕೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೈ ಚಾಚಿ ಎದ್ದು ನಿಲ್ಲುವುದು ಯಾಕೆ, ಸಭೆ ಮೇಜು ಕುಟ್ಟುವುದು ಯಾಕೆ ಅಂತ ಅವರಿಗೆ ತಿಳಿಯಬೇಕು. ಕನ್ನಡದಲ್ಲಿ ಒಂದು ಪುಟದ ಕೈಹಾಳೆ ಮಾಡಿ ಬಾಗಿಲಲ್ಲೇ ಕೊಡಿ. ಭಾಷಣಕಾರರು ಯಾವ ಪರ ಮಾತಾಡುತ್ತಾರೋ ಅದು ಅವರ ಸ್ವಂತ ಅಭಿಪ್ರಾಯ ಅಲ್ಲ, ಚೀಟಿ ಎತ್ತಿದಂತೆ ಹಂಚಿಕೆಯಾದ ಪಕ್ಷ ಅಂತ ಮೊದಲ ಸಾಲಿನಲ್ಲೇ ಇರಲಿ. ಇಲ್ಲದಿದ್ದರೆ ಚರ್ಚೆ ಮುಗಿದ ಮೇಲೆ ಯಾರಾದರೂ ಹಿರಿಯರು ಆ ಹುಡುಗಿಯನ್ನು ಹಿಡಿದು ಬುದ್ಧಿ ಹೇಳಲು ಹೊರಡುತ್ತಾರೆ. ಮೋಷನ್ ಪ್ರಕಟವಾದ ತಕ್ಷಣ ನಿರೂಪಕರು ಅದನ್ನು ಕನ್ನಡದಲ್ಲೂ ಎರಡು ಸಲ ಓದಬೇಕು. ತಂಡಗಳು ತಯಾರಾಗುವ 15 ನಿಮಿಷದಲ್ಲಿ ಪ್ರೇಕ್ಷಕರೂ ತಮ್ಮ ತಮ್ಮಲ್ಲಿ ಪರ ವಿರೋಧ ಮಾತಾಡಿಕೊಳ್ಳಲಿ.

ನೆನಪಿನ ಕಾಣಿಕೆಗೆ ಕೊಪ್ಪಳದ ಕಿನ್ನಾಳ ಗೊಂಬೆ ಚೆಂದ, ಸಂಡೂರಿನ ಲಂಬಾಣಿ ಕಸೂತಿಯ ಚೀಲವೂ ಚೆಂದ. ವಿಮಾನದಲ್ಲಿ ಹೋಗುವವರಿಗೆ ಚೀಲವೇ ಹಗುರ. ಆಸ್ಟ್ರೇಲಿಯಾದಂಥ ದೇಶಗಳಿಗೆ ಮರದ ವಸ್ತು ಒಯ್ದರೆ ಅಲ್ಲಿನ ತಪಾಸಣೆಯಲ್ಲಿ ಘೋಷಿಸಬೇಕು. ಗೊಂಬೆ ಕೊಡುವುದಿದ್ದರೆ ಅದೇನು, ಯಾವುದರಿಂದ ಮಾಡಿದ್ದು ಅಂತ ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಡಬ್ಬಿಗೆ ಅಂಟಿಸಿಕೊಡಿ.